ಕಲ್ಯಾಣಿಯ ನೀರೂ ಗೋಡೆಯ ಗಾರೆಯೂ

ಮನೆಮಠಗಳನ್ನು ಸ್ಥಿರಾಸ್ತಿಯೆಂದು ಕರೆಯುವುದು ವಾಡಿಕೆ. ಆದರೆ ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಸಮೀಪದಲ್ಲಿದ್ದ, ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು 2017ನೆಯ ಇಸವಿಯಲ್ಲಿ ತಾನಿದ್ದ ಸ್ಥಳವನ್ನು ಬಿಟ್ಟು, ನೂರು ಮೀಟರಿಗೂ ಮಿಕ್ಕಿದ ದೂರ ಸರಿದು, ಬೇರೊಂದು ತಳಪಾಯದ ಮೇಲೆ ಕುಳಿತುಕೊಂಡಿತು. ಬೆಂಗಳೂರು-ಮೈಸೂರು ರೈಲುದಾರಿಯನ್ನು ಜೋಡಿ ಹಳಿಯ ದಾರಿಯನ್ನಾಗಿ ಮಾಡುವಾಗ ಆ ಕಟ್ಟಡವು ಅಡ್ಡವಾಗಿತ್ತು. ಕೆಡವಲು ಕಾನೂನು ಒಪ್ಪದು, ಹಳಿಯನ್ನು ಬಳಸಿ ಒಯ್ಯಲು ಜಾಗವಿಲ್ಲ. ಆದುದರಿಂದ ಸುಮಾರು 1,000 ಟನ್ನು ತೂಕದ ಆ ಇಟ್ಟಿಗೆ-ಗಾರೆಯ ರಾಶಿಯನ್ನೇ ಎತ್ತಿ ಸಾಗಿಸಬೇಕಾಯಿತು. ಬುಡದಲ್ಲಿ ಉಕ್ಕಿನ ತೊಲೆಗಳನ್ನು ತೂರಿಸಿ, ದ್ರವದ ಒತ್ತಡದಿಂದ ಕೆಲಸಮಾಡುವ ಜಾಕಿಗಳಿಂದ ಮೇಲಕ್ಕೆತ್ತಿ, ಮೆಲ್ಲಮೆಲ್ಲನೆ ನಡೆಸಿದರು.

ಇಂಥ ಕೆಲಸದಲ್ಲಿ ತೂಕವನ್ನು ಎತ್ತುವುದು ನಿಜವಾದ ಕಷ್ಟವಲ್ಲ. ಪಾಸ್ಕಲನ ನಿಯಮವನ್ನು ಓದಿದ ಯಾವ ಹೈಸ್ಕೂಲು ವಿದ್ಯಾರ್ಥಿಯಾದರೂ, ಕಿರಿದಾದ ಕೊಳವೆಯ ಸಣ್ಣ ಬಲವು ಅಗಲವಾದ ಕೊಂತದ ಮೇಲೆ ದೊಡ್ಡ ಬಲವಾಗುವುದನ್ನು ಲೆಕ್ಕಹಾಕಿ ತೋರಿಸಬಲ್ಲನು. ಕಟ್ಟಡದ ಎಲ್ಲ ಮೂಲೆಗಳೂ ಒಂದೇ ಸಮನಾಗಿ ಏಳಬೇಕು ಎಂಬುದೇ ಕಷ್ಟ. ಒಂದು ಮೂಲೆ ಕೆಲವೇ ಮಿಲಿಮೀಟರು ಹಿಂದುಳಿದರೂ ಗೋಡೆಯ ಒಂದು ಭಾಗವು ಎಳೆತಕ್ಕೆ ಸಿಕ್ಕುತ್ತದೆ. ಇಟ್ಟಿಗೆ, ಗಾರೆ, ಕಲ್ಲು ಈ ಮೂರೂ ಅದುಮುವಿಕೆಯನ್ನು ಎಷ್ಟಾದರೂ ತಾಳುವ, ಎಳೆತವನ್ನು ಸ್ವಲ್ಪವೂ ತಾಳದ ಪದಾರ್ಥಗಳು. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವ ವಿಷಯವೆಲ್ಲ ಇದನ್ನೇ ಆಶ್ರಯಿಸಿದೆ.

ಇದಕ್ಕೂ ಮುಂಚೆ, ಈ ಶತಮಾನದ ಆರಂಭದ ವರ್ಷಗಳಲ್ಲಿ, ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ದೇವಾಲಯವು ಬೇರೊಂದು ಬಗೆಯಲ್ಲಿ ಸ್ಥಳಾಂತರಗೊಂಡಿತು. ಹೊಯ್ಸಳರ ಕಾಲದ ಈ ಗುಡಿಯು ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿಹೋಗಿ, ಜಲಾಶಯವು ಬಹಳ ಇಳಿದ ವರ್ಷಗಳಲ್ಲಿ ಮಾತ್ರ ತಲೆ ತೋರಿಸುತ್ತಿತ್ತು. ಖೋಡೇ ಪ್ರತಿಷ್ಠಾನದವರು ಅದರ ಕಲ್ಲುಕಲ್ಲಿಗೂ ಗುರುತು ಹಾಕಿಸಿ, ಸಾವಿರಾರು ಛಾಯಾಚಿತ್ರಗಳನ್ನು ತೆಗೆಸಿ, ಬಿಚ್ಚಿಸಿ, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯ ಬಳಿ ಮತ್ತೆ ಜೋಡಿಸಿದರು. ಮದ್ದಿನ ಮನೆಯನ್ನು ಇಡಿಯಾಗಿ ಎತ್ತಿದರು, ಗುಡಿಯನ್ನು ಬಿಡಿಬಿಡಿಯಾಗಿ ಒಯ್ದರು. ಏಕೆ ಈ ವ್ಯತ್ಯಾಸ? ಹೊಯ್ಸಳರ ಕಲ್ಲುಗಳು ಬಹುಮಟ್ಟಿಗೆ ಗಾರೆಯಿಲ್ಲದೆ, ತೂಕದಿಂದಲೂ ಕೊರೆದ ಕೂಡುಗಳಿಂದಲೂ ನಿಂತವುಗಳು; ಬಿಚ್ಚಿದರೆ ಬಿಚ್ಚಿಕೊಳ್ಳುತ್ತವೆ. ಗಾರೆಯಿಂದ ಒಂದಾದ ಇಟ್ಟಿಗೆಯ ಗೋಡೆಯಾದರೋ ಒಡೆದರೆ ಪುಡಿಯಾಗುತ್ತದೆಯೇ ಹೊರತು ಬಿಚ್ಚಿಕೊಳ್ಳುವುದಿಲ್ಲ.

ಈ ಎರಡು ಕೆಲಸಗಳೂ ಪತ್ರಿಕೆಗಳಲ್ಲಿ ಬಂದವು; ಕೋಟಿಗಳ ಲೆಕ್ಕದ ವೆಚ್ಚಕ್ಕೆ ಕೊಡುವವರೂ ದೊರೆತರು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ತಿರುಗಾಡಿದವರಿಗೆ ಇನ್ನೊಂದು ಬಗೆಯ ಕಟ್ಟಡಗಳೂ ಕಣ್ಣಿಗೆ ಬಿದ್ದಿರುತ್ತವೆ. ಊರಾಚೆಯ ಕಲ್ಯಾಣಿ, ದಾರಿಬದಿಯ ಮಂಟಪ, ತಲೆಹೊರೆ ಇಳಿಸುವ ಸುಮೆಗಲ್ಲು, ಹೂಳು ತುಂಬಿದ ಮೆಟ್ಟಿಲ ಬಾವಿ, ಇವು ಯಾವ ಪಟ್ಟಿಗೂ ಸೇರಿಲ್ಲ. ಇವುಗಳಿಗೆ ಇರುವ ರಕ್ಷಣೆಯೆಂದರೆ ಊರಿನವರ ನೆನಪೊಂದೇ. ಇಂಥವನ್ನು ದುರಸ್ತಿ ಮಾಡುವುದರಲ್ಲಿ ವಿದ್ಯಾರ್ಥಿಗಳು ಮಾಡಬಹುದಾದುದೇನು, ಮಾಡಬಾರದ್ದೇನು ಎಂಬುದನ್ನು ನಮ್ಮ ಅನುಭವಕ್ಕೆ ಬಂದ ಒಂದು ಉದಾಹರಣೆಯೊಡನೆ ಇಲ್ಲಿ ವಿಚಾರಿಸೋಣ.

ಮೊದಲು ಕಾನೂನಿನ ಮಾತನ್ನು ಹೇಳಿ ಮುಗಿಸಿಬಿಡುವುದು ಒಳ್ಳೆಯದು. ಕೇಂದ್ರ ಸರ್ಕಾರದ 1958ನೆಯ ಇಸವಿಯ ಅಧಿನಿಯಮದ ಪ್ರಕಾರ ಸಂರಕ್ಷಿತವೆಂದು ಸಾರಿದ ಸ್ಮಾರಕಗಳನ್ನು ಪುರಾತತ್ವ ಇಲಾಖೆಯ ಅಪ್ಪಣೆಯಿಲ್ಲದೆ ಯಾರೂ ಮುಟ್ಟಕೂಡದು. ಅವುಗಳ ಸುತ್ತ 100 ಮೀಟರುಗಳೊಳಗೆ ಹೊಸ ಕಟ್ಟಡವನ್ನು ಕಟ್ಟುವುದೂ ನಿಷಿದ್ಧ. ರಾಜ್ಯ ಸರ್ಕಾರಕ್ಕೂ 1961ರ ಅಧಿನಿಯಮವೊಂದು ಉಂಟು. ಆದುದರಿಂದ ಪೊರಕೆಯನ್ನು ಹಿಡಿಯುವುದಕ್ಕೆ ಮುಂಚೆ, ಈ ಕಟ್ಟಡ ಯಾರದು ಎಂದು ಕೇಳತಕ್ಕದ್ದು. ನಾವು ಕೆಲಸಮಾಡಿದ ಕಲ್ಯಾಣಿಯು ಯಾವ ಇಲಾಖೆಗೂ ಸೇರಿರಲಿಲ್ಲ. ಪಂಚಾಯಿತಿಯ ಒಪ್ಪಿಗೆಯೇ ಸಾಕಾಯಿತು.

ರಾಷ್ಟ್ರೀಯ ಸೇವಾ ಯೋಜನೆಯು 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. ಆಗ ಅದಕ್ಕೆ ಸೇರಿದ ವಿದ್ಯಾರ್ಥಿಗಳು ಸುಮಾರು 40,000. ಅಂದಿನಿಂದ ಏಳು ದಿನಗಳ ಹಳ್ಳಿಯ ಶಿಬಿರವೆಂಬುದು ನಮ್ಮ ಕಾಲೇಜುಗಳ ಬಾಳಿನಲ್ಲಿ ದಸರೆಯಂತೆ ಬಂದು ಹೋಗುವ ಸಂಗತಿಯಾಗಿದೆ. ನಮ್ಮ ಶಿಬಿರವು ಪಾಂಡವಪುರ-ಕೃಷ್ಣರಾಜಪೇಟೆಗಳ ನಡುವಿನ ಒಂದು ಹಳ್ಳಿಯಲ್ಲಿ ನಡೆಯಿತು. ಕಲ್ಯಾಣಿಯು ಚೌಕವಾಗಿದೆ. ಒಂದೊಂದು ಬದಿಯೂ ಸುಮಾರು 12 ಮೀಟರು. ನೀರು ನಿಂತಾಗ ಆಳ ಸುಮಾರು 3 ಮೀಟರು. ಪೂರ್ವದ ಗೋಡೆಯ ಹಿಂದೆ ಒಂದು ಅರಳಿಯ ಮರ ಬೆಳೆದು, ಅದರ ಬೇರುಗಳು ಕಲ್ಲುಗಳ ಸಂದಿಯಲ್ಲಿ ಇಳಿದಿದ್ದುವು. ತೂಕಗುಂಡನ್ನು ಇಳಿಬಿಟ್ಟು ನೋಡಿದರೆ ಗೋಡೆಯು ನಡುಮಟ್ಟದಲ್ಲಿ ನಾಲ್ಕು ಬೆರಳು ಒಳಕ್ಕೆ ಉಬ್ಬಿಕೊಂಡಿತ್ತು. ಪಾವಟಿಗೆಯ ಕಲ್ಲುಗಳು ಹತ್ತಾರು ನೀರಿಗೆ ಉರುಳಿದ್ದುವು.

ನಮಗೆ ಮೂವರು ಗುರುಗಳು ದೊರೆತರು. ಒಬ್ಬರು ಚಿಕ್ಕಂದಿನಲ್ಲಿ ತಂದೆಯ ಜೊತೆ ಗಾರೆ ಅರೆದ ವೃದ್ಧರು. ಇನ್ನೊಬ್ಬರು ಕಲ್ಲುಕೆಲಸದವರು, ಚಾಣ, ಸುತ್ತಿಗೆ, ಹಾರೆ ಇವಿಷ್ಟೇ ಅವರ ಪ್ರಯೋಗಶಾಲೆ. ಮೂರನೆಯವರು ಎಂಬತ್ತು ಕಳೆದ ಅಜ್ಜಿ. ಮದುವೆಯಾಗಿ ಬಂದ ದಿನದಿಂದ ನಲ್ಲಿ ಬರುವ ತನಕ ಆ ಕಲ್ಯಾಣಿಯಿಂದಲೇ ನೀರು ಹೊತ್ತವರು. ಯಾವ ಮೆಟ್ಟಿಲಿನ ತನಕ ಯಾವ ತಿಂಗಳಲ್ಲಿ ನೀರಿರುತ್ತಿತ್ತು, ಈಶಾನ್ಯದ ಮೂಲೆಯಲ್ಲಿ ಒರತೆ ಎಲ್ಲಿ ಏಳುತ್ತದೆ ಎಂಬುದನ್ನು ಅವರು ಕೋಲಿನಿಂದ ತೋರಿಸಿದರು. ನಮ್ಮ ವಿದ್ಯಾರ್ಥಿನಿಯರು ಅದನ್ನೆಲ್ಲ ಚೌಕುಳಿ ಕಾಗದದ ಮೇಲೆ ಗುರುತಿಸಿಕೊಂಡರು. ಆ ಕಾಗದವೇ ನಮ್ಮ ಮೊದಲನೆಯ ಜಲನಕ್ಷೆ.

ಮೊದಲನೆಯ ದಿನವೇ ಒಂದು ವಿವಾದ ಹುಟ್ಟಿತು. ಊರಿನ ಉತ್ಸಾಹಿಗಳೊಬ್ಬರು ಡೀಸೆಲ್ ಪಂಪನ್ನು ತಂದಿಟ್ಟು, ಒಂದೇ ರಾತ್ರಿಯಲ್ಲಿ ಕಲ್ಯಾಣಿಯನ್ನು ಬರಿದುಮಾಡಿಬಿಡುತ್ತೇವೆ, ಬೆಳಗ್ಗೆ ಹುಡುಗರು ಹೂಳೆತ್ತಲಿ ಎಂದರು. ಶಿಬಿರ ಏಳೇ ದಿನ. ಅವರ ಮಾತು ನ್ಯಾಯವಾಗಿಯೇ ಕಂಡಿತು. ಆದರೆ ಗಾರೆಯ ವೃದ್ಧರು ಒಪ್ಪಲಿಲ್ಲ. “ನೀರ್ನ ಒಂದೇ ಸಲಕ್ಕೆ ಎಳುದ್ರೆ ಗೋಡೆ ಬಂದ್ಬುಡ್ತದೆ ಮೇಷ್ಟ್ರೇ. ದಿನಕ್ಕೊಂದು ಗೇಣು ಸಾಕು” ಎಂದರು. ಏಕೆ ಎಂದು ಕೇಳಿದರೆ, ಗೋಡೆಯ ಹಿಂದೆಯೂ ಒಂದು ಕಲ್ಯಾಣಿ ಇದೆಯಲ್ಲ ಎಂದು ನಕ್ಕರು.

ಈ ಮಾತಿನ ಅರ್ಥವನ್ನು ವಾಚಕರು ಸ್ವಲ್ಪ ಸಾವಧಾನವಾಗಿ ಪರಿಶೀಲಿಸಬೇಕು. ಗೋಡೆಯ ಹಿಂದಿನ ಮಣ್ಣು ಒಣಗಿದ ಮಣ್ಣಲ್ಲ. ಕಲ್ಯಾಣಿಯ ನೀರು ಸಂದಿಗಳ ಮೂಲಕ ಹಿಂದಕ್ಕೂ ಹಬ್ಬಿ, ಅಲ್ಲಿನ ಮಣ್ಣಿನ ರಂಧ್ರಗಳನ್ನೆಲ್ಲ ತುಂಬಿಕೊಂಡಿರುತ್ತದೆ. ಕಲ್ಯಾಣಿ ತುಂಬಿರುವಾಗ ಗೋಡೆಯ ಎರಡು ಕಡೆಯೂ ನೀರು ಸಮಮಟ್ಟದಲ್ಲಿದ್ದು, ಮುಂದಿನ ಒತ್ತಡವೂ ಹಿಂದಿನ ಒತ್ತಡವೂ ಸರಿಹೋಗುತ್ತವೆ. ಮುಂದಿನ ನೀರನ್ನು ಒಂದು ರಾತ್ರಿಯಲ್ಲಿ ತೆಗೆದರೆ ಹಿಂದಿನ ನೀರು ಅಷ್ಟು ಬೇಗ ಇಳಿಯುವುದೇ? ಜೇಡಿ ಬೆರೆತ ಮಣ್ಣಿನಲ್ಲಿ ಅದು ದಿನಗಟ್ಟಲೆ ಜಿನುಗಬೇಕು. ಆ ಹೊತ್ತಿಗೆ ಗೋಡೆಯು ಹಿಂದಿನ ಒತ್ತಡವನ್ನು ಒಂಟಿಯಾಗಿ ಎದುರಿಸಬೇಕಾಗುತ್ತದೆ.

ಎಷ್ಟು ಒತ್ತಡ? ನೀರಿನ ಒತ್ತಡವು ಮೇಲ್ಮಟ್ಟದಲ್ಲಿ ಸೊನ್ನೆ. ಆಳ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. 3 ಮೀಟರು ಆಳದಲ್ಲಿ ಒಂದು ಚದರ ಮೀಟರಿನ ಮೇಲೆ 3 ಟನ್ನು. ಸರಾಸರಿ ಒಂದೂವರೆ ಟನ್ನು. ಗೋಡೆಯ ಎತ್ತರ 3 ಮೀಟರಾದುದರಿಂದ, ಒಂದು ಮೀಟರು ಉದ್ದದ ಗೋಡೆಯ ಮೇಲೆ ಬೀಳುವ ಬಲ ನಾಲ್ಕೂವರೆ ಟನ್ನು. 12 ಮೀಟರು ಉದ್ದಕ್ಕೆ 54 ಟನ್ನು! ಮಣ್ಣು ತಾನಾಗಿ ತಳ್ಳುವ ಬಲ ಇದಕ್ಕೆ ಬೇರೆಯಾಗಿ ಸೇರುತ್ತದೆ. ಉಬ್ಬಿಕೊಂಡ ಪೂರ್ವದ ಗೋಡೆಯು ಇದನ್ನು ತಾಳುವುದೆಂದು ಯಾರು ಭರವಸೆ ಕೊಡಬಲ್ಲರು? ಅಣೆಕಟ್ಟುಗಳನ್ನು ಕಟ್ಟುವ ಎಂಜಿನಿಯರುಗಳಿಗೆ ಇದು ಚೆನ್ನಾಗಿ ಪರಿಚಿತವಾದ ಅಪಾಯ. ಮಣ್ಣಿನ ಏರಿಗಳ ಒಳಮೈ ಜರಿಯುವುದು ಕೆರೆ ತುಂಬಿದಾಗಲೇ ಅಲ್ಲ, ತುಂಬಿದ ಕೆರೆ ತಟ್ಟನೆ ಬರಿದಾದಾಗಲೂ ಉಂಟು. ನಮ್ಮ ವೃದ್ಧರು ಈ ಶಾಸ್ತ್ರವನ್ನು ಓದಿದವರಲ್ಲ. ಅವರ ತಂದೆಯ ಕಾಲದಲ್ಲಿ ಹೀಗೆ ಬಿದ್ದ ಗೋಡೆಯೊಂದನ್ನು ಕಂಡಿದ್ದರಂತೆ.

ದಿನಕ್ಕೊಂದು ಗೇಣು ಎಂದರೆ ಸುಮಾರು 22 ಸೆಂಟಿಮೀಟರು. ಏಳು ದಿನಕ್ಕೆ ಒಂದೂವರೆ ಮೀಟರು, ಅಂದರೆ ಅರ್ಧ ಕಲ್ಯಾಣಿ. ಶಿಬಿರ ಮುಗಿದಾಗ ಹೂಳಿನ ಮುಖವನ್ನೂ ಕಾಣಲಾರೆವು ಎಂದು ಹುಡುಗರಿಗೆ ಬೇಸರವಾಯಿತು. ಸಮಾರೋಪಕ್ಕೆ ಬರುವ ಗಣ್ಯರಿಗೆ ತೋರಿಸಲು ಸ್ವಚ್ಛವಾದ ಕಲ್ಯಾಣಿ ಇರುವುದಿಲ್ಲವೆಂದು ಊರಿನ ಕೆಲವರಿಗೂ ಬೇಸರವಾಯಿತು. ನಾವು ಗೇಣಿನ ಲೆಕ್ಕವನ್ನೇ ಹಿಡಿದೆವು. ಗೋಡೆಯ ಮುಂದೆ ಅಂಗುಲ ಗುರುತಿನ ಕೋಲೊಂದನ್ನು ನೆಟ್ಟು, ಸಂದಿಗಳಿಂದ ಹಿಂದಿನ ನೀರು ಒಸರುವುದು ಕಡಿಮೆಯಾದ ಮೇಲೆಯೇ ಮರುದಿನದ ಪಂಪನ್ನು ನಡೆಸುತ್ತಿದ್ದೆವು.

ಬೇಸರವನ್ನು ಕಳೆದದ್ದು ಕಲ್ಲುಗಳು. ಬಿದ್ದ ಪಾವಟಿಗೆಯ ಕಲ್ಲುಗಳನ್ನು ನೀರಿಳಿದ ಮೇಲೆ ಎತ್ತೋಣವೆಂದು ನಾವೆಲ್ಲ ಭಾವಿಸಿದ್ದರೆ, ಕಲ್ಲುಕೆಲಸದವರು, ಈಗಲೇ, ನೀರಿರುವಾಗಲೇ ಎಳೆಯಿರಿ ಎಂದರು. ಒಂದು ಕಲ್ಲನ್ನು ಅಳೆದು ನೋಡಿದೆವು. ಉದ್ದ 1.8 ಮೀಟರು, ಅಗಲ 0.3, ದಪ್ಪ 0.2. ಘನಗಾತ್ರ 0.108 ಘನಮೀಟರು. ಕಗ್ಗಲ್ಲಿನ ಸಾಂದ್ರತೆಯನ್ನು ಘನಮೀಟರಿಗೆ 2,700 ಕಿಲೋಗ್ರಾಮೆಂದು ಹಿಡಿದರೆ ತೂಕ ಸುಮಾರು 290 ಕಿಲೋಗ್ರಾಮು. ನೀರಿನಲ್ಲಿ ಮುಳುಗಿರುವಾಗ ಅದು 108 ಲೀಟರು ನೀರನ್ನು ಪಕ್ಕಕ್ಕೆ ಸರಿಸಿರುತ್ತದೆ. ಆರ್ಕಿಮಿಡೀಸನ ತತ್ವದಂತೆ ಅಷ್ಟು ನೀರಿನ ತೂಕ, ಎಂದರೆ 108 ಕಿಲೋಗ್ರಾಮು, ಕಳೆದುಹೋಗುತ್ತದೆ. ಉಳಿದದ್ದು ಸುಮಾರು 180. ಮೂರು ಪಾಲು ಭಾರದಲ್ಲಿ ಒಂದು ಪಾಲಿಗೂ ಹೆಚ್ಚನ್ನು ನೀರೇ ಹೊರುತ್ತದೆ! ಹಗ್ಗ ಕಟ್ಟಿ, ಮುಳುಗಿರುವ ಮೆಟ್ಟಿಲುಗಳ ಮೇಲೆ ಜಾರಿಸುತ್ತ, ನೀರಿನ ಅಂಚಿಗೆ ತರುವವರೆಗೆ ಈ ಲಾಭ ನಮ್ಮದು. ನೀರಿನಿಂದ ಹೊರಗೆ ಬಂದ ಕೂಡಲೆ ಕಲ್ಲು ತನ್ನ ಪೂರ್ತಿ ತೂಕವನ್ನು ಮರಳಿ ಪಡೆಯುತ್ತದೆ. ಹಗ್ಗ ಹಿಡಿದವರ ಮುಖದಲ್ಲಿ ಅದು ಆ ಕ್ಷಣವೇ ತಿಳಿಯುತ್ತಿತ್ತು.

ಅಲ್ಲಿಂದ ಮುಂದಕ್ಕೆ ಹಾರೆಯ ಕೆಲಸ. ಕಲ್ಲಿನ ಒಂದು ತುದಿಯನ್ನು ಮಾತ್ರ ಎತ್ತಬೇಕಾದರೆ ಅರ್ಧ ತೂಕ, ಸುಮಾರು 146 ಕಿಲೋಗ್ರಾಮು. ಒಂದೂವರೆ ಮೀಟರಿನ ಹಾರೆಯ ತುದಿಯಿಂದ 10 ಸೆಂಟಿಮೀಟರು ದೂರದಲ್ಲಿ ಆನುಗಲ್ಲನ್ನು ಇಟ್ಟರೆ ಸನ್ನೆಯ ತೋಳುಗಳು 140ಕ್ಕೆ 10. ಬೇಕಾದ ಬಲ ಹತ್ತೂವರೆ ಕಿಲೋಗ್ರಾಮಿನಷ್ಟು. ಪದವಿ ತರಗತಿಯ ಮೊದಲನೆಯ ವರ್ಷದ ಹುಡುಗಿಯೊಬ್ಬಳು ಒಂದೇ ಕೈಯಿಂದ ಹಾರೆಯನ್ನು ಅದುಮಿ ಕಲ್ಲನ್ನು ಎತ್ತಿದಾಗ, ಕಲ್ಲುಕೆಲಸದವರು, ಬೆರಳು ಕೆಳಗಿಡಬೇಡ ಮಗಳೇ, ಚಕ್ಕೆಕಲ್ಲು ತೂರಿಸು ಎಂದು ಕೂಗಿದರು. ಎತ್ತಿದ ಮರುಕ್ಷಣ ಕೆಳಗೆ ಚಕ್ಕೆಯನ್ನು ತುಂಬಬೇಕು, ಕೈಯನ್ನು ಎಂದಿಗೂ ಒಡ್ಡಬಾರದು. ಇದು ನಮ್ಮ ಪಠ್ಯಪುಸ್ತಕದ ಸನ್ನೆಯ ಪಾಠದಲ್ಲಿಲ್ಲ, ಇರಬೇಕಾಗಿತ್ತು.

ಪ್ರತಿಯೊಂದು ಕಲ್ಲಿಗೂ ಸುಣ್ಣದ ನೀರಿನಿಂದ ಸಂಖ್ಯೆ ಬರೆದೆವು. ಬಣ್ಣವನ್ನು ಬಳಸಲಿಲ್ಲ, ಸುಣ್ಣವಾದರೆ ಎರಡು ಮಳೆಗೆ ಹೋಗುತ್ತದೆ. ಕನ್ನಂಬಾಡಿಯ ಗುಡಿಯನ್ನು ಮತ್ತೆ ಜೋಡಿಸಲು ಸಾಧ್ಯವಾದದ್ದೂ ಇಂಥ ಗುರುತಿನಿಂದಲೇ. ಇಂದು ಕೈಫೋನಿನಿಂದ ಒಂದೇ ವಸ್ತುವನ್ನು ಹಲವು ಕಡೆಗಳಿಂದ ಚಿತ್ರ ತೆಗೆದು, ಗಣಕಯಂತ್ರದಿಂದ ಅದರ ಘನಾಕೃತಿಯನ್ನು ಕಟ್ಟಬಹುದು. ಎರಡು ಕಣ್ಣುಗಳಿಂದ ನಾವು ದೂರವನ್ನು ಅರಿಯುವ ತತ್ವವೇ ಇದರಲ್ಲೂ ಇದೆ. ನಮ್ಮ ಹುಡುಗರು ಅದನ್ನೂ ಮಾಡಿದರು. ಆದರೂ ದಾರ, ಅಳತೆಪಟ್ಟಿ, ಪೆನ್ಸಿಲುಗಳಿಂದ ಬರೆದ ನಕ್ಷೆಯೇ ಕೆಲಸದ ಹೊತ್ತಿನಲ್ಲಿ ಹೆಚ್ಚು ಉಪಯೋಗಕ್ಕೆ ಬಂದಿತೆಂಬುದು ನಮ್ಮ ಅಭಿಪ್ರಾಯ. ಬಿಸಿಲಿನಲ್ಲಿ ಕೈಫೋನಿನ ತೆರೆಯು ಕಾಣುವುದಿಲ್ಲ.

ನಡುವೆ ಒಂದು ಭಾನುವಾರ ವಿದ್ಯಾರ್ಥಿಗಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದೆವು. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಅಲ್ಲಿದೆ. ಕಲ್ಲಿನ ಕಂಬ, ಕಂಬದ ಮೇಲೆ ಕಲ್ಲಿನ ಚಾಚು, ಅದರ ಮೇಲೆ ಕಲ್ಲಿನ ತೊಲೆ. ಕಮಾನುಗಳಿಲ್ಲ. ಕಂಬಗಳು ಏಕೆ ಅಷ್ಟು ಒತ್ತೊತ್ತಾಗಿವೆ ಎಂದು ಹುಡುಗರು ಕೇಳಿದರು. ತೊಲೆಯು ಭಾರಕ್ಕೆ ಬಾಗಿದಾಗ ಅದರ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಎಳೆತವನ್ನು ಕಲ್ಲು ತಾಳದು. ಆದುದರಿಂದ ತೊಲೆಯನ್ನು ಗಿಡ್ಡವಾಗಿಯೇ ಇಡಬೇಕು. ಕಾವೇರಿಯ ಎಷ್ಟೋ ಪ್ರವಾಹಗಳನ್ನು ಎದುರಿಸಿ ಅದು ನಿಂತಿರುವುದಕ್ಕೆ ಈ ಸಂಯಮವೂ ಒಂದು ಕಾರಣ.

ಅದೇ ಊರಿನಲ್ಲಿ ಇದಕ್ಕೆ ಎದುರಾದ ಪ್ರಯೋಗವೂ ನಡೆದಿತ್ತು. ಡಿ ಹ್ಯಾವಿಲೆಂಡ್ ಎಂಬ ಸೈನ್ಯದ ಎಂಜಿನಿಯರನು, ನದಿಗೆ ಅಗಲವಾದ ಕಮಾನುಗಳ ಸೇತುವೆಯನ್ನು ಕಟ್ಟಬಹುದೆಂದು ತೋರಿಸುವುದಕ್ಕಾಗಿ, ಸುಮಾರು 1808ರಲ್ಲಿ ತನ್ನ ಮನೆಯ ತೋಟದಲ್ಲಿ ನೂರಕ್ಕೂ ಮಿಕ್ಕಿದ ಅಡಿಗಳ ಹರವಿನ ಒಂದು ಇಟ್ಟಿಗೆಯ ಕಮಾನನ್ನು ಎಬ್ಬಿಸಿದನು. ಕಮಾನಿನಲ್ಲಿ ಪ್ರತಿ ಇಟ್ಟಿಗೆಯೂ ಪಕ್ಕದ ಇಟ್ಟಿಗೆಗಳನ್ನು ಅದುಮುತ್ತದೆ, ಎಳೆತಕ್ಕೆ ಅವಕಾಶವಿಲ್ಲ. ಅದರ ಮೇಲೆ ನಿಂತು ಕುಣಿದರೆ ಇಡೀ ಕಮಾನು ತೂಗುತ್ತಿತ್ತಂತೆ! ಹಾಗೆ ತೂಗಿಯೂ ಅದು ನೂರಿಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ನಿಂತಿದ್ದು, 1930ರ ದಶಕದಲ್ಲಿ ಬಿದ್ದುಹೋಯಿತು. ಈಗ ಅದರ ಬುಡ ಮಾತ್ರ ಉಳಿದಿದೆ. ತೂಗಿಯೂ ಬಿರುಕುಬಿಡದೆ ಇದ್ದದ್ದು ಹೇಗೆಂದರೆ, ಅದರ ಸಂದಿಗಳಲ್ಲಿದ್ದದ್ದು ಸುಣ್ಣದ ಗಾರೆ. ಈ ಗಾರೆಯ ಗುಣವನ್ನು ಈಗ ವಿಚಾರಿಸೋಣ. ನಮ್ಮ ಶಿಬಿರದಲ್ಲಿ ಹೆಚ್ಚು ಮಾತು ಬೆಳೆದದ್ದೂ ಇದರ ವಿಷಯವಾಗಿಯೇ.

ಸುಣ್ಣಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಅದರಲ್ಲಿರುವ ಇಂಗಾಲಾಮ್ಲ ಅನಿಲವು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಶುದ್ಧವಾದ 100 ಕಿಲೋಗ್ರಾಮು ಕಲ್ಲಿನಿಂದ 56 ಕಿಲೋಗ್ರಾಮು ಸುಣ್ಣ. 44 ಕಿಲೋಗ್ರಾಮು ಅನಿಲ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಭುಗಿಲೆಂದು ಆವಿಯೆದ್ದು ಅದು ಅರಳುತ್ತದೆ. ಒಂದು ಕಿಲೋಗ್ರಾಮು ಸುಣ್ಣ ಅರಳುವಾಗ ಹುಟ್ಟುವ ಶಾಖವು ಮೂರು ಲೀಟರಿಗೂ ಮಿಕ್ಕಿದ ನೀರನ್ನು ಕುದಿಯುವ ತನಕ ಕಾಯಿಸಬಲ್ಲದು. ಆದಕಾರಣ ಕಣ್ಣಿಗೆ ಕನ್ನಡಕವಿಲ್ಲದ ಯಾವ ವಿದ್ಯಾರ್ಥಿಯನ್ನೂ ನಾವು ಸುಣ್ಣದ ಗುಂಡಿಯ ಹತ್ತಿರಕ್ಕೆ ಬಿಡಲಿಲ್ಲ. ವೃದ್ಧರು ಮಾತ್ರ ಗುಂಡಿಯ ಸದ್ದನ್ನು ಕೇಳಿಯೇ ಸುಣ್ಣದ ಯೋಗ್ಯತೆಯನ್ನು ಹೇಳುತ್ತಿದ್ದರು. ಸರಿಯಾಗಿ ಸುಡದ ಕಲ್ಲಿಗೆ ಸದ್ದು ಕಡಿಮೆ.

ಅರಳಿದ ಸುಣ್ಣವು ಮರಳಿನೊಡನೆ ಸೇರಿ ಗೋಡೆಯಲ್ಲಿ ಕುಳಿತಮೇಲೆ ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯಲ್ಲಿ ಮರಳಿ ಪಡೆಯುತ್ತದೆ. ಆದರೆ ಬಹಳ ನಿಧಾನ. ಅನಿಲವು ಗಾರೆಯ ಸೂಕ್ಷ್ಮ ರಂಧ್ರಗಳ ಮೂಲಕ ಹಬ್ಬಿ ಒಳಕ್ಕೆ ಹೋಗಬೇಕು. ಹೀಗೆ ಹಬ್ಬುವ ಆಳವು ಕಾಲದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಮೊದಲನೆಯ ತಿಂಗಳಲ್ಲಿ 2 ಮಿಲಿಮೀಟರು ಆಳಕ್ಕೆ ಹೋಯಿತೆಂದು ಇಟ್ಟುಕೊಳ್ಳೋಣ. 4 ಮಿಲಿಮೀಟರಿಗೆ ನಾಲ್ಕು ತಿಂಗಳು ಬೇಕು. 20 ಮಿಲಿಮೀಟರಿಗೆ ನೂರು ತಿಂಗಳು, ಎಂದರೆ ಎಂಟು ವರ್ಷಗಳಿಗೂ ಹೆಚ್ಚು. ದಪ್ಪ ಗೋಡೆಗಳ ಒಡಲಿನಲ್ಲಿ ಗಾರೆಯು ಬಹುಕಾಲ ಹಸಿಯಾಗಿಯೇ ಇರುತ್ತದೆಂದು ಇದರಿಂದ ತಿಳಿದುಬರುತ್ತದೆ. ಕಮಾನು ತೂಗಿದಾಗ ಬಗ್ಗಿಕೊಟ್ಟದ್ದು ಈ ಮೆತ್ತನೆಯ ಗುಣವೇ. ಅಷ್ಟೇ ಅಲ್ಲ, ಕೂದಲೆಳೆಯ ಬಿರುಕುಗಳಲ್ಲಿ ಮಳೆಯ ನೀರು ಇಳಿದು, ಸ್ವಲ್ಪ ಸುಣ್ಣವನ್ನು ಕರಗಿಸಿ, ಆವಿಯಾಗುವಾಗ ಅದನ್ನು ಅಲ್ಲಿಯೇ ಬಿಟ್ಟು ಬಿರುಕನ್ನು ಮುಚ್ಚುವುದೂ ಉಂಟು.

ನೀರಿನೊಳಗೆ ಗಾಳಿಯಿಲ್ಲವಲ್ಲ, ಅಲ್ಲಿ ಗಾರೆ ಗಟ್ಟಿಯಾಗುವುದೆಂತು? ಇದಕ್ಕೆ ಉತ್ತರ ಸುರ್ಕಿ. ಚೆನ್ನಾಗಿ ಬೆಂದ ಇಟ್ಟಿಗೆಯನ್ನು ನುಣ್ಣಗೆ ಕುಟ್ಟಿ ಸುಣ್ಣದೊಡನೆ ಅರೆದರೆ, ಇಟ್ಟಿಗೆಯ ಪುಡಿಯಲ್ಲಿರುವ ಸಿಲಿಕವೂ ಅಲ್ಯುಮಿನವೂ ಸುಣ್ಣದೊಡನೆ ಕೂಡಿ, ಗಾಳಿಯ ಹಂಗಿಲ್ಲದೆ, ತೇವದಲ್ಲಿಯೇ ಗಟ್ಟಿಯಾಗುತ್ತವೆ. ಇದಕ್ಕೆ ದೂರದ ಉದಾಹರಣೆ ಬೇಡ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಕಲ್ಲು ಮತ್ತು ಸುರ್ಕಿ ಗಾರೆಯಿಂದಲೇ ಕಟ್ಟಿದರು. ಎರಡೂವರೆ ಕಿಲೋಮೀಟರಿಗೂ ಉದ್ದವಾದ ಆ ಕಟ್ಟೆಯು ಸುಮಾರು 125 ಅಡಿ ನೀರನ್ನು ಇಂದಿಗೂ ತಡೆದು ನಿಂತಿದೆ. ಕನ್ನಂಬಾಡಿಯ ಗುಡಿಯನ್ನು ಮುಳುಗಿಸಿದ ನೀರು ನಿಂತಿರುವುದು ಇಟ್ಟಿಗೆಯ ಪುಡಿಯ ಬಲದಿಂದ!

ವೃದ್ಧರು ಸುರ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿ ಆರಿಸಿದರು. ಗಾರೆಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸಿದರು. ಹುಡುಗರು ಇದನ್ನು ಮೂಢನಂಬಿಕೆಯೆಂದು ತಮ್ಮಲ್ಲೇ ಆಡಿಕೊಂಡರು. ಒಂದು ಲೀಟರು ಬರಿಯ ನೀರಿನಲ್ಲಿ ಸುಮಾರು 1.7 ಗ್ರಾಮು ಸುಣ್ಣ ಮಾತ್ರ ಕರಗುತ್ತದೆ; ಸಕ್ಕರೆಯ ದ್ರಾವಣದಲ್ಲಿ ಅದರ ಹಲವು ಪಟ್ಟು ಕರಗುತ್ತದೆ. ಬೆಲ್ಲದಿಂದ ಗಾರೆಯು ಕರಣೆಗೆ ನುಣುಪಾಗಿ ಒಗ್ಗುತ್ತದೆ, ಕಡಿಮೆ ನೀರಿನಲ್ಲಿ ಕಲಸಲು ಬರುತ್ತದೆ, ಬೇಗ ಬಿಗಿದುಕೊಳ್ಳುವುದಿಲ್ಲ. ಆದರೆ ಅಳತೆ ಮೀರಿದರೆ ಗಟ್ಟಿಯಾಗುವುದೇ ಕೆಟ್ಟುಹೋಗುತ್ತದೆ. ಎಷ್ಟು ಹಾಕಬೇಕು ತಾತ ಎಂದು ಕೇಳಿದ ಹುಡುಗನಿಗೆ ಅವರು ಕಲಸಿದ ನೀರನ್ನು ನಾಲಗೆಯ ಮೇಲೆ ಇಟ್ಟು ತೋರಿಸಿದರು. ಸುಣ್ಣ ಬೆರೆಸುವ ಮುಂಚೆ ಎಂದು ಬೇರೆಯಾಗಿ ಹೇಳಬೇಕಿಲ್ಲವಷ್ಟೆ.

ಇಷ್ಟೆಲ್ಲ ಏಕೆ, ಎರಡು ಮೂಟೆ ಸಿಮೆಂಟು ತಂದರೆ ಒಂದು ದಿನದಲ್ಲಿ ಮುಗಿಯುವುದಿಲ್ಲವೆ? ಈ ಪ್ರಶ್ನೆಯನ್ನು ಕೇಳಿದವರು ಊರಿನ ಯುವಕರು. ಜಾತ್ರೆಗೆ ಇನ್ನು ಮೂರೇ ವಾರಗಳಿದ್ದುವು. ಸಿಮೆಂಟನ್ನು ದಾನ ಕೊಡಲು ಒಬ್ಬರು ಸಿದ್ಧರಾಗಿಯೂ ಇದ್ದರು. ಸಿಮೆಂಟು ಕೆಟ್ಟ ಪದಾರ್ಥವೆಂದು ನಾವು ಹೇಳುವುದಿಲ್ಲ. ನಮ್ಮ ಕಾಲೇಜು ನಿಂತಿರುವುದು ಅದರಿಂದಲೇ. ಆದರೆ ಹಳೆಯ ಕಲ್ಲಿನ ಗೋಡೆಗೆ ಅದು ಹೊಂದಿಕೊಳ್ಳುವುದಿಲ್ಲ. ಗೋಡೆಯ ಹಿಂದಿನ ತೇವವು ಸಂದಿಗಳ ಮೂಲಕ ಹೊರಕ್ಕೆ ಬಂದು ಆವಿಯಾಗಬೇಕು. ಸುಣ್ಣದ ಗಾರೆಯ ರಂಧ್ರಗಳು ಅದಕ್ಕೆ ದಾರಿ ಬಿಡುತ್ತವೆ. ಸಂದಿಯನ್ನು ಸಿಮೆಂಟಿನಿಂದ ಬಿಗಿದರೆ ತೇವವು ಕಲ್ಲಿನ ಮೂಲಕವೋ ಇಟ್ಟಿಗೆಯ ಮೂಲಕವೋ ದಾರಿ ಹುಡುಕುತ್ತದೆ. ತೇವದಲ್ಲಿ ಕರಗಿದ ಲವಣಗಳು ಮೇಲ್ಮೈಯ ಕೆಳಗೇ ಹರಳುಗಟ್ಟುತ್ತವೆ. ಹರಳು ಬೆಳೆಯುತ್ತ ರಂಧ್ರದ ಗೋಡೆಗಳನ್ನು ತಳ್ಳುತ್ತದೆ. ಮತ್ತೆ ಅದೇ ಎಳೆತ! ಮೇಲ್ಮೈಯು ಪದರಪದರವಾಗಿ ಉದುರುತ್ತದೆ. ಗೋಡೆಯಲ್ಲಿ ಮೊದಲು ಸವೆಯಬೇಕಾದದ್ದು ಗಾರೆ, ಕಲ್ಲಲ್ಲ. ಗಾರೆಯನ್ನು ಮತ್ತೆ ತುಂಬಬಹುದು. ನಮ್ಮ ಕಲ್ಯಾಣಿಯಲ್ಲಿ ಇನ್ನೂ ಒಂದು ಅಪಾಯವಿತ್ತು. ಸಂದಿಗಳನ್ನು ಮುಚ್ಚಿಬಿಟ್ಟರೆ ಹಿಂದಿನ ನೀರಿಗೆ ಹೊರಬರುವ ದಾರಿಯೇ ಇಲ್ಲ. ಆ 54 ಟನ್ನಿನ ಲೆಕ್ಕವು ಆಗ ಪ್ರತಿ ಬೇಸಗೆಯಲ್ಲೂ ಮರುಕಳಿಸುತ್ತದೆ.

ಕಪ್ಪು ಹಲಗೆಯ ಮೇಲೆ ಇದನ್ನೆಲ್ಲ ಬರೆದು ತೋರಿಸಿದೆವು. ಅದರಿಂದ ಒಬ್ಬರ ಮನಸ್ಸೂ ಬದಲಾದಂತೆ ಕಾಣಲಿಲ್ಲ. ಅಜ್ಜಿಯು ಪಶ್ಚಿಮದ ಗೋಡೆಯ ಬಳಿಗೆ ಕರೆದೊಯ್ದು, ಕೆಲವು ವರ್ಷಗಳ ಹಿಂದೆ ಸಿಮೆಂಟು ಮೆತ್ತಿದ ಭಾಗವನ್ನು ಕೋಲಿನಿಂದ ತಟ್ಟಿದರು. ಟೊಳ್ಳು ಸದ್ದು ಬಂದಿತು. ಅಂಗೈಯಗಲದ ಬಿಲ್ಲೆಯೊಂದು ಕಳಚಿ ಬಿದ್ದು, ಹಿಂದೆ ಒದ್ದೆಯಾದ ಮಣ್ಣು ಕಂಡಿತು. ಕಡೆಗೆ ರಾಜಿಯಾಯಿತು. ಪೂರ್ವ, ಉತ್ತರದ ಗೋಡೆಗಳಿಗೆ ಸುರ್ಕಿ ಗಾರೆ. ಮೇಲಿನ ಜಗಲಿಗೆ, ಹಳೆಯ ಕಲ್ಲು ಇಲ್ಲದ ಕಡೆ, ದಾನಿಗಳ ಸಿಮೆಂಟು. ಸಂದಿಗಳ ನಡುವೆ ಅಲ್ಲಲ್ಲಿ ನೀರು ಒಸರಲು ಕಿಂಡಿಗಳು. ಜಾತ್ರೆಯ ಹೊತ್ತಿಗೆ ಕೆಲಸ ಮುಗಿಯಲಿಲ್ಲ. ತೇರು ಅರೆಬರೆ ಕಲ್ಯಾಣಿಯ ಪಕ್ಕದಲ್ಲೇ ಸಾಗಿತು. ಅರಳಿಯ ಮರವನ್ನು ಕಡಿಯಲು ಊರಿನವರು ಒಪ್ಪಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಗೋಡೆಯ ಕಡೆಯ ಬೇರುಗಳನ್ನು ಮಾತ್ರ ಸವರಿದರು. ಅವು ಮತ್ತೆ ಬರುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುತ್ತದೆ. ಈ ಉತ್ಸಾಹದಿಂದ ಹುಡುಗರು ಕೃಷ್ಣರಾಜಪೇಟೆಯ ಬಳಿಯ ಹೊಸಹೊಳಲಿಗೋ, 1171ರಲ್ಲಿ ಕಟ್ಟಿದ ಕಿಕ್ಕೇರಿಯ ಬ್ರಹ್ಮೇಶ್ವರಕ್ಕೋ, ನಾಗಮಂಗಲದ ಸೌಮ್ಯಕೇಶವನ ಗುಡಿಗೋ ತಂತಿಯ ಬುರುಸು ಹಿಡಿದು ಹೋಗಬಾರದು. ಹೊಯ್ಸಳರ ಸೂಕ್ಷ್ಮ ಶಿಲ್ಪಗಳೆಲ್ಲ ಬಳಪದ ಕಲ್ಲಿನವು. ಖನಿಜಗಳ ಗಡಸುತನದ ಮಾನದಲ್ಲಿ ಬಳಪದ ಸ್ಥಾನ ಒಂದು, ಎಂದರೆ ಕಟ್ಟಕಡೆಯದು. ನಮ್ಮ ಉಗುರಿನದು ಸುಮಾರು ಎರಡೂವರೆ. ಅಷ್ಟು ಮೃದುವಾದುದರಿಂದಲೇ ಶಿಲ್ಪಿಯು ಬೆರಳಿನ ಉಗುರನ್ನೂ ಕಂಠಹಾರದ ಮಣಿಯನ್ನೂ ಬಿಡಿಸಲು ಶಕ್ತನಾದನು. ಬಯಲಿನಲ್ಲಿದ್ದು ಅದರ ಮೇಲ್ಮೈ ಸ್ವಲ್ಪ ಗಡಸಾಗುತ್ತದೆಂಬುದು ನಿಜ. ಆದರೂ ಉಕ್ಕಿನ ತಂತಿಗೆ ಅದು ಯಾವ ಎದುರು? ಏಳುನೂರು ಎಂಟುನೂರು ವರ್ಷಗಳ ಮಳೆ ಮಾಡದ ಕೆಲಸವನ್ನು ಒಂದು ಮಧ್ಯಾಹ್ನದ ಶ್ರಮದಾನ ಮಾಡಿಬಿಡಬಲ್ಲದು. ಆಮ್ಲದಿಂದ ತೊಳೆಯುವುದು, ಎಣ್ಣೆಬಣ್ಣ ಬಳಿಯುವುದು ಇವೂ ಹಾಗೆಯೇ.

ಶಿಬಿರ ಮುಗಿದ ಮೇಲೆಯೂ ಕೆಲಸ ಭಾನುವಾರಗಳಂದು ನಡೆಯಿತು. ಬೇಸಗೆಯ ಕೊನೆಗೆ ಹೂಳು ತೆಗೆದಾಗ ಈಶಾನ್ಯದ ಮೂಲೆಯಲ್ಲಿ, ಅಜ್ಜಿ ಕೋಲಿನಿಂದ ತೋರಿಸಿದ ಜಾಗದಿಂದ ಒಂದು ಮಾರು ಆಚೆಗೆ, ಒರತೆ ಕಣ್ಣು ಬಿಟ್ಟಿತು. ಪೂರ್ವದ ಗೋಡೆಯ ಮೂರು ಬಿರುಕುಗಳಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಗಳನ್ನು ಗಾರೆಯಿಂದ ಅಂಟಿಸಿ, ದಿನಾಂಕ ಬರೆದಿದ್ದೇವೆ. ಬಿರುಕು ಇನ್ನೂ ಚಲಿಸುತ್ತಿದ್ದರೆ ಗಾಜು ಸೀಳುತ್ತದೆ. ಎಳೆತವನ್ನು ಕಂಡುಹಿಡಿಯಲು ಇದಕ್ಕಿಂತ ಅಗ್ಗವಾದ ಯಂತ್ರ ಬೇರೊಂದಿಲ್ಲ. ಊರಿನ ಹೈಸ್ಕೂಲಿನ ಮಕ್ಕಳು ತಿಂಗಳಿಗೊಮ್ಮೆ ಹೋಗಿ ನೋಡಿ ಬರೆಯುತ್ತಾರೆ. ಎರಡು ಗಾಜುಗಳು ಹಾಗೆಯೇ ಇವೆ. ಮರದ ಕಡೆಯದು ಮಳೆಗಾಲದಲ್ಲಿ ಸೀಳಿತು.

ಇನ್ನೊಂದು ಪರೀಕ್ಷೆ ಗಾರೆಯದು. ಹೊಸ ಗಾರೆಯಿಂದ ಸಣ್ಣ ಚೂರೊಂದನ್ನು ಕಿತ್ತು, ಮುರಿದ ಮೈಯ ಮೇಲೆ ಫಿನಾಲ್ಫ್ತಲೀನ್ ದ್ರಾವಣವನ್ನು ಹಾಕುತ್ತೇವೆ. ಇನ್ನೂ ಸುಣ್ಣವಾಗಿಯೇ ಉಳಿದ ಭಾಗವು ನಸುಗೆಂಪಾಗುತ್ತದೆ. ಗಾಳಿಯನ್ನು ಹೀರಿ ಕಲ್ಲಾದ ಭಾಗಕ್ಕೆ ಬಣ್ಣ ಬರುವುದಿಲ್ಲ. ಬಣ್ಣವಿಲ್ಲದ ಅಂಚಿನ ದಪ್ಪವನ್ನು ಅಳೆದು ಗುರುತುಹಾಕುತ್ತ ಹೋದರೆ ವರ್ಗಮೂಲದ ನಿಯಮವು ನಿಜವೋ ಅಲ್ಲವೋ ತಿಳಿಯುತ್ತದೆ. ಕಳೆದ ಸಲ ಈ ಪರೀಕ್ಷೆ ಮಾಡುವಾಗ ವೃದ್ಧರು ಪಕ್ಕದಲ್ಲೇ ಕುಳಿತಿದ್ದರು. ಬಿಳಿಯ ಗಾರೆಯು ಕೆಂಪಾದುದನ್ನು ಕಂಡು ಚೂರನ್ನು ಕೈಗೆ ತೆಗೆದುಕೊಂಡು, ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಒಳಗೆ ಇನ್ನೂ ಹಸಿ ಅನ್ನೋದ ನಾವು ಚಳಿಗಾಲದಲ್ಲಿ ಗೋಡೆಗೆ ಕೆನ್ನೆ ಇಟ್ಟು ನೋಡ್ತಿದ್ವು ಎಂದರು. ಮುಂದಿನ ತಿಂಗಳು ಬರುವಾಗ ಆ ಸೀಸೆಯನ್ನು ಮರೆಯದೆ ತರಬೇಕೆಂದು ಹುಡುಗರಿಗೆ ಹೇಳಿದರು. ತಮ್ಮ ತಂದೆ ಕಟ್ಟಿದ ಗೋಡೆಯೊಂದು ಮೇಲಿನ ತೋಟದ ಬಾವಿಯಲ್ಲಿ ಇದೆಯಂತೆ, ಅದನ್ನೂ ನೋಡಬೇಕಂತೆ.